ಗೆಡ್ಡೆ ಕಚ್ಚಿದ ಬಾವ

ಜಪಾನಿನ ಹೊಕ್ಕೈಡೊ ದ್ವೀಪದಿಂದ ಬರೆಯುತ್ತಿದ್ದೇನೆ ಗೆಳೆಯರೇ. ನಾನು ಓಡಿಸುತ್ತಿದ್ದ ಕಾರಿನ ಎದುರಿಗೆ ಹೊಗೆಯಾಡುವ ಜ್ವಾಲಾಮುಖಿ. ಪಾಂಡವಪುರದ ನಮ್ಮ ಬಾವನ ಕಣ್ಣು ಮಾತ್ರ ಹೊಲದ ಪಕ್ಕ ರಾಶಿ ಹಾಕಿದ್ದ, ಬೀಟ್‌ರೂಟಿನಂಥ ಬಿಳಿ ಗೆಡ್ಡೆಗಳ ಮೇಲೆ. ಇಲ್ಲಿ ಸಕ್ಕರೆ ಮಾಡುವುದು ಅದರಿಂದಲೇ ಎಂದು ನಾನು ಬಾಯಿಬಿಟ್ಟಿದ್ದೇ ತಪ್ಪಾಯಿತು.

"ಗಾಡಿ ನಿಲ್ಸ್ಲಾ. ಕಬ್ಬಿಲ್ದೆ ಸಕ್ರೆ ಎಂಗಾಯ್ತದೆ, ನೋಡೇಬುಡ್ತೀನಿ."

ಬಾವ ಇಳಿದವರೇ, ಊರಲ್ಲಿ ಹೋಗುವ ಟ್ರಾಕ್ಟರಿನಿಂದ ಕಬ್ಬಿನ ಜಲ್ಲೆ ಎಳೆದುಕೊಂಡಂತೆ ಒಂದು ಗೆಡ್ಡೆ ಎತ್ತಿ, ಪ್ಯಾಂಟಿಗೆ ಒರೆಸಿ ಕಚ್ಚಿದರು. ಮಣ್ಣಿನ ವಾಸನೆಗೆ ಮುಖ ಕಿವುಚಿಕೊಂಡರು. ಅಷ್ಟರಲ್ಲಿ ಹೊಲದವನೇ ಬಂದ. ಪೊಲೀಸು, ವೀಸಾ ಎಂದು ನನಗೆ ಬೆವರು. ಆತ ಬಗ್ಗಿ ನಮಸ್ಕರಿಸಿ, ಇನ್ನೊಂದು ಗೆಡ್ಡೆಯ ಸಿಪ್ಪೆ ಹೆರೆದು ಎರಡೂ ಕೈಯಲ್ಲಿ ಕೊಟ್ಟು, ನಗುತ್ತ ಅಲ್ಲೇ ನಿಂತ.

ಬಾವ ಅಗಿಯುತ್ತಲೇ ಗೊಣಗಿದರು: "ನಮ್ಮೂರಲ್ಲಾಗಿದ್ರೆ ಬೈದು ಕಳಿಸ್ಬುಡೋರು ಕಣ್ಲಾ. ಇವ್ನು ಕೊಟ್ಬುಟ್ಟು ನಿಂತವ್ನೆ. ಪೂರ್ತಿ ತಿನ್ಲೇಬೇಕಲ್ಲಾ ಈಗ."