ಮದುವೆ ಕುದುರೆಗೆ ಚಪ್ಪಾಳೆ ತಟ್ಟಿದೆವು

ಕುದುರೆ ಮುಂಗಾಲೆರಡನ್ನೂ ಎತ್ತಿ ನೆಟ್ಟಗೆ ನಿಂತಿತು. ಅದರ ಬೆನ್ನ ಮೇಲೆ ಲಕ್ವ ಹೊಡೆದ ನನ್ನ ಚಿಕ್ಕಪ್ಪ ಇದ್ದರು. ತಪ್ಪು ಕುದುರೆಯದಲ್ಲ, ನಮ್ಮದು.

ಕವಲಂದೆ ಬಳಿಯ ಒಂದು ಟ್ರಸ್ಟಿನವರು ಮದುವೆ ಮೆರವಣಿಗೆಗಳಲ್ಲಿ ಕುಣಿದು ವಯಸ್ಸಾದ ಕಾಠಿಯಾವಾಡಿ ತಳಿಯ ಕುದುರೆಗಳನ್ನು ತಂದು ಸಾಕುತ್ತಾರೆ. ಕೈಕಾಲು ಸ್ವಾಧೀನ ತಪ್ಪಿದವರನ್ನು ಅವುಗಳ ಮೇಲೆ ಕೂರಿಸಿ, ಎರಡೂ ಪಕ್ಕ ಹಿಡಿದುಕೊಂಡು ನಡೆಸುತ್ತಾರೆ. ಬೆನ್ನಿಗೆ ಬಲ ಬರುತ್ತದಂತೆ. ಅಲ್ಲಿಯವರೆಗೆ ಮೂಟೆಯಂತೆ ವಾಲುತ್ತಿದ್ದ ಚಿಕ್ಕಪ್ಪ ಅಂದು ಮೊದಲ ಸಲ ನೆಟ್ಟಗೆ ಕೂತರು. ಚಿಕ್ಕಮ್ಮ ಸಂತೋಷಕ್ಕೆ ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ಕುದುರೆಗೆ ಅದು ಹಳೆಯ ಅಪ್ಪಣೆ: ದಿಬ್ಬಣದವರ ಎದುರು ಎರಡು ಕಾಲಲ್ಲಿ ಕುಣಿ!

"ಚಪ್ಪಾಳೆ ನಿಲ್ಸಿ ಸಾ! ಅದು ಮದ್ವೆ ಕುದ್ರೆ ಕಣ್ರೀ!" ಎಂದು ಲಗಾಮು ಹಿಡಿದಿದ್ದ ಸಿದ್ದಣ್ಣ ಕಿರುಚಿದರು. ಪಕ್ಕದ ಇಬ್ಬರು ಚಿಕ್ಕಪ್ಪನ ತೊಡೆಗೆ ಜೋತುಬಿದ್ದರು. ಎಂ.ಎಸ್ಸಿ. ಓದಿದ ನಾನು ಗಾಬರಿಯಲ್ಲಿ ಇನ್ನೂ ತಟ್ಟುತ್ತಲೇ ಇದ್ದೆ. ಚಿಕ್ಕಮ್ಮ ನನ್ನ ಕೈಗೆ ಬಾರಿಸಿದ ಮೇಲೆಯೇ ಕುದುರೆ ಕಾಲೂರಿದ್ದು.

"ಸಾಕು, ಇಳೀರಿ, ಮನೇಗ್ ಓಗವ" ಎಂದು ಚಿಕ್ಕಮ್ಮ ಅತ್ತರು.

ಚಿಕ್ಕಪ್ಪ ಸೊಟ್ಟ ಬಾಯಲ್ಲೇ, "ನಮ್ ಮದ್ವೇಲಿ ನಿಮ್ಮಪ್ಪ ಎತ್ತಿನಗಾಡೀಲಿ ಮೆರೆಸ್ದ. ಕುದ್ರೆ ಈಗ್ ಸಿಕ್ತು. ನಾ ಇಳಿಯಲ್ಲ ಓಗಮ್ಮೀ" ಎಂದರು.

ಕಣ್ಣು ಮುಚ್ಚಿದರೆ ನನಗೆ ಇವತ್ತಿಗೂ ಗಾಳಿಯಲ್ಲಿ ಆಡುವ ಆ ಗೊರಸುಗಳೇ ಕಾಣುತ್ತವೆ. ಚಿಕ್ಕಪ್ಪ ಮಾತ್ರ ನಮ್ಮೂರು ಹೆಮ್ಮಿಗೆಯಿಂದ ವಾರವಾರ ಅಲ್ಲಿಗೆ ಹೊರಡುತ್ತಾರೆ. ಮೊನ್ನೆ ಕೋಲು ಹಿಡಿದು ಬಚ್ಚಲಿಗೆ ತಾವೇ ನಡೆದುಹೋದರು. ನಾವೆಲ್ಲ ಕೈ ಕಟ್ಟಿಕೊಂಡು ನೋಡಿದೆವು. ಶಭಾಷ್ ಎನ್ನಲೂ ಯಾರಿಗೂ ಧೈರ್ಯ ಬರಲಿಲ್ಲ.