ಲಂಡನ್ನಿಗೆ ನಾಲ್ಕೂವರೆ ಗಂಟೆ

ಬೇಲೂರು–ಹಳೇಬೀಡು ಬಸ್ಸಿನ ಕಂಡಕ್ಟರ್ ಮಧುಕುಮಾರ್ ಒಂದು ನಿಮಿಷವೂ ತಡ ಮಾಡುವ ಆಸಾಮಿಯಲ್ಲ. ಹಳೇಬೀಡಿನ ಶಾಲೆಗೆ ಪಾಠ ಹೇಳಲು ದಿನಾ ಅದೇ ಬಸ್ಸಿಗೆ ಹೋಗುತ್ತಿದ್ದ ನಾನು ಏದುಸಿರು ಬಿಡುತ್ತಾ ಓಡಿ ಬರುವುದು ಕಂಡರೂ ಸೀಟಿ ಊದಿಬಿಡುತ್ತಿದ್ದ. ಆ ಸಿಟ್ಟು ನನಗೆ ಇವತ್ತಿಗೂ ಇದೆ. ಆದರೂ ಅವನು ತಡ ಮಾಡಿದ ಒಂದೇ ಒಂದು ದಿನವನ್ನು ನಾನು ಮರೆತಿಲ್ಲ.

ಎರಡು ಸಾವಿರನೇ ಇಸವಿಯ ಜನವರಿ. ಅವನ ಹೆಂಡತಿ ಮಂಜುಳಾ ನರ್ಸ್. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅವಳಿಗೆ ಎರಡು ವರ್ಷದ ಕೆಲಸ ಸಿಕ್ಕಿತು. ತನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡಳೆಂದು ಇವನು ವಾರವಿಡೀ ಮಾತು ಬಿಟ್ಟ. ಅರಸೀಕೆರೆ ಸ್ಟೇಷನ್ನಿನಲ್ಲಿ ಮುಂಬಯಿ ರೈಲು ಅಲುಗಿದಾಗ ಅವಳು ಕಿಟಕಿಯಿಂದ, "ಈಗ್ಲೂ ಮಾತಾಡಲ್ವಾ ನೀವು?" ಅಂದಳಂತೆ. ಇವನು ವಾಚು ನೋಡಿಕೊಂಡು, "ಹನ್ನೊಂದು ನಿಮಿಷ ಲೇಟು" ಅಂದನಂತೆ.

ಲಂಡನ್ನಿನಲ್ಲಿ ಇಳಿದ ಕೂಡಲೇ ಬೇಲೂರು ಬಸ್‌ಸ್ಟ್ಯಾಂಡಿನ ಕಾಂತಮ್ಮನ ಎಸ್‌ಟಿಡಿ ಬೂತಿಗೆ ಫೋನ್ ಮಾಡುವೆನೆಂದು ಅವಳು ಚೀಟಿ ಬರೆದಿಟ್ಟಿದ್ದಳು. ವಿಮಾನ ಮುಂಬಯಿ ಬಿಡುವುದು ಶನಿವಾರ ಬೆಳಗ್ಗೆ ಏಳಕ್ಕೆ, ಲಂಡನ್ ಸೇರುವುದು ಹನ್ನೊಂದೂವರೆಗೆ, ದೂರ ಏಳು ಸಾವಿರದ ಇನ್ನೂರು ಕಿಲೋಮೀಟರು. ಆ ಬೆಳಗ್ಗೆ ಮಧು ನನಗೆ ಲೆಕ್ಕ ಒಪ್ಪಿಸಿದ. ಹಳೇಬೀಡಿನ ಹದಿನಾರು ಕಿಲೋಮೀಟರಿಗೆ ನಲವತ್ತು ನಿಮಿಷ ತಗೊಳ್ಳುವ ನಮ್ಮ ಬಸ್ಸಿಗೆ ಲಂಡನ್ ಹನ್ನೆರಡೂವರೆ ದಿನದ ದಾರಿ, ವಿಮಾನಕ್ಕೆ ಬರೀ ನಾಲ್ಕೂವರೆ ಗಂಟೆ. ಮೇಷ್ಟ್ರಾದ ನಾನೂ ಹೌದೌದೆಂದು ತಲೆಯಾಡಿಸಿದೆ.

ಹನ್ನೆರಡಾಯಿತು, ಒಂದಾಯಿತು, ಫೋನಿಲ್ಲ. ಒಂದೊಂದು ಟ್ರಿಪ್ ಮುಗಿದಾಗಲೂ ಬೂತಿಗೆ ಓಡಿ ಬಂದ. ಬಸ್ತಿಹಳ್ಳಿಯಲ್ಲಿ ಇಳಿಯಬೇಕಾದ ಅಜ್ಜಿಯನ್ನು ಹಳೇಬೀಡಿನವರೆಗೂ ಹೊತ್ತುಕೊಂಡು ಹೋಗಿ ಬೈಸಿಕೊಂಡ. ಫೋನ್ ಕೆಟ್ಟಿದೆಯೇ ಎಂದು ಮತ್ತೆ ಮತ್ತೆ ಎತ್ತಿ ನೋಡುತ್ತಿದ್ದರೆ ಅವಳ ಕರೆ ಬರುವುದಾದರೂ ಹೇಗೆ ಎಂದು ಕಾಂತಮ್ಮ ಗದರಿದಳು. ನಾಲ್ಕಕ್ಕೆ ಬೂತಿನ ಮೆಟ್ಟಿಲ ಮೇಲೆ ಕುಸಿದು ಕೂತ.

"ಸಾರ್, ನಾನಾಡಿದ ಕೊನೇ ಮಾತು ರೈಲು ಲೇಟು ಅಂತ."

ಶಾಲೆ ಮುಗಿಸಿ ಬಂದವನು ಮನೆಗೆ ಹೋಗಲಾರದೆ ಅಲ್ಲೇ ನಿಂತಿದ್ದೆ.

ಡ್ರೈವರ್ ಜವರಪ್ಪನಿಗೆ ಕ್ರಿಕೆಟ್ ಹುಚ್ಚು. ಚೀಟಿ ಇಸಿದುಕೊಂಡು ನೋಡಿ, "ಏನ್ಲಾ, ಹೋದ ವರ್ಷ ಇಂಗ್ಲೆಂಡಿನ ವರ್ಲ್ಡ್ ಕಪ್ ನೋಡ್ಲಿಲ್ವಾ? ಅಲ್ಲಿ ಬೆಳಗ್ಗೆ ಮ್ಯಾಚ್ ಶುರುವಾದ್ರೆ ಇಲ್ಲಿ ನಮ್ದು ಊಟ ಆಗಿರ್ತಿತ್ತು. ಅವರ ಹನ್ನೊಂದೂವರೆ ಅಂದ್ರೆ ನಮ್ಗೆ ಸಂಜೆ ಐದು. ವಿಮಾನ ಇನ್ನೂ ಮೇಲೇ ಐತೆ" ಅಂದ.

ಮಧುವಿಗೆ ಹೋದ ಜೀವ ಬಂತು, ಮರುಗಳಿಗೆಗೇ ಹತ್ತು ಗಂಟೆ ಆಕಾಶದಲ್ಲೇ ಇರಬೇಕಲ್ಲ ಎಂಬ ಹೊಸ ದಿಗಿಲು ಹಿಡಿಯಿತು. ಐದು ದಾಟಿದರೂ ಕೂರಲಿಲ್ಲ, ನಿಲ್ಲಲಿಲ್ಲ.

ಆರರ ಬಸ್ಸು ಹೊರಡಬೇಕು, ಸೀಟಿ ಬಾಯಲ್ಲಿದೆ, ಆಗ ಫೋನ್ ಬಡಿದುಕೊಂಡಿತು. ಅವನು ಓಡಿದ. ನಾನೂ ನಾಚಿಕೆ ಬಿಟ್ಟು ಹಿಂದೆಯೇ ಹೋಗಿ ಕೇಳಿಸಿಕೊಂಡೆ. ಊಟ ಆಯಿತೇ ಎಂದು ಅವಳು ಕೇಳಿದಳೆಂದು ಕಾಣುತ್ತದೆ.

"ಇಲ್ಲ ಕಣೇ. ನೀನು ಹೋಗ್ತೀಯ ಅಂತ ಸಿಟ್ಟಲ್ಲ ನಂಗೆ. ನೀನಿಲ್ದೆ ಹೆಂಗಿರ್ಲಿ ಅಂತ ಕೇಳೋಕೆ ಬಾಯಿ ಬರ್ಲಿಲ್ಲ."

ಮಾತು ಮೂರೇ ನಿಮಿಷ. ಉಳಿದ ಎಂಟು ನಿಮಿಷ ನಲ್ಲಿಯ ಹತ್ತಿರ ಮುಖ ತೊಳೆದುಕೊಳ್ಳುವುದಕ್ಕೆ ಹೋಯಿತು. ಜವರಪ್ಪ ಹಾರನ್ ಮುಟ್ಟಲಿಲ್ಲ. ಸ್ಟ್ಯಾಂಡಿನ ಕಂಟ್ರೋಲರ್ ಪುಸ್ತಕ ತೆರೆದು, ಹನ್ನೊಂದು ನಿಮಿಷ ಲೇಟು, ಕಾರಣ ಏನೆಂದು ಕೇಳಿದರು.

"ಹೆಂಡ್ತಿ ಜೊತೆ ಮಾತಾಡ್ತಿದ್ದೆ. ಹಂಗೇ ಬರ್ಕೊಳ್ಳಿ ಸಾರ್" ಅಂದ ಮಧು.