ಆರ್ವಿಲ್‌ನ ಮಣ್ಣಿಗೆ ಟ್ರಕ್ಕಿನ ಹಾಡು

ಬೆಳಿಗ್ಗೆ ಎಂಟು ಹತ್ತಕ್ಕೆ ನಮ್ಮ ಲಾರೆಲ್ ಗ್ಯಾಪ್ ಊರಿನ ರೇಡಿಯೊದಲ್ಲಿ ಸಾವಿನ ಸುದ್ದಿ ಓದುತ್ತಾರೆ. ಆ ಐದು ನಿಮಿಷ ಊರಿನಲ್ಲಿ ಯಾರೂ ನಲ್ಲಿ ತಿರುಗಿಸುವುದಿಲ್ಲ, ಯಾರೂ ಕಾರು ಚಾಲೂ ಮಾಡುವುದಿಲ್ಲ. ಹಿನ್ನೆಲೆಯಲ್ಲಿ ಆರ್ಗನ್ ಮೆಲ್ಲಗೆ ನರಳುತ್ತಿರುತ್ತದೆ. ಅದರ ಮೇಲೆ ಹೋಬರ್ಟ್ ಸ್ಟಾಲರ್ಡನ ದನಿ, ಜಲ್ಲಿ ರಸ್ತೆಯಲ್ಲಿ ಗಾಡಿ ಇಳಿದ ಹಾಗೆ, ಒಂದೊಂದೇ ಹೆಸರನ್ನು ಇಳಿಸುತ್ತಾ ಹೋಗುತ್ತದೆ. ಹೋದ ಅಕ್ಟೋಬರಿನ ಒಂದು ಮಂಗಳವಾರ ಅವನು ಇಳಿಸಬೇಕಾಗಿದ್ದದ್ದು ಆರ್ವಿಲ್ ಕಿಲ್ಗೋರನ ಹೆಸರು. ಹೋಬರ್ಟನ ತಂಡದಲ್ಲಿ ನಲವತ್ತೊಂದು ವರ್ಷ ಪಿಟೀಲು ನುಡಿಸಿದವನು, ಹೋಬರ್ಟನಿಗೆ ಇದ್ದ ಒಬ್ಬನೇ ಗೆಳೆಯ.

ಕಣ್ಣು ತುಂಬಿತ್ತೋ, ಕನ್ನಡಕ ಎಂದಿನಂತೆ ಟೋಪಿಯ ಮೇಲೇ ಕುಳಿತಿತ್ತೋ, ಹೋಬರ್ಟ್ ಆರ್ಗನ್ನಿನ ಗುಂಡಿ ಬಿಟ್ಟು ಪಕ್ಕದ್ದನ್ನು ಒತ್ತಿದ. "ಎಪ್ಪತ್ತಾರು ವರ್ಷದ ಆರ್ವಿಲ್ ಕಿಲ್ಗೋರ್, ಭಾನುವಾರ ಸಂಜೆ ಪ್ರಭುವಿನ ಸನ್ನಿಧಿಗೆ" ಎನ್ನುವುದಕ್ಕೂ, ಢಬಢಬ ಡ್ರಮ್ ಬಡಿದು ಯಾವನೋ ತರುಣ ನನ್ನ ಟ್ರಕ್ಕು, ತಣ್ಣನೆಯ ಬಿಯರು, ಡ್ಯಾಶ್‌ಬೋರ್ಡಿನ ಮೇಲೆ ಕಾಲಿಟ್ಟ ಹುಡುಗಿ ಎಂದು ಕೂಗತೊಡಗುವುದಕ್ಕೂ ಸರಿಹೋಯಿತು. ನಿಲ್ಲಿಸುವ ಗಾಬರಿಯಲ್ಲಿ ಹೋಬರ್ಟ್ ಇನ್ನೇನನ್ನೋ ತಿರುಗಿಸಿದ; ಸದ್ದು ಇಮ್ಮಡಿಯಾಯಿತು. ಒತ್ತಿದ್ದು ಒಂದು ಗುಂಡಿ, ಬಿದ್ದದ್ದು ಇನ್ನೊಂದು ಗುಂಡಿಗೆ. ಶೋಕಕ್ಕೂ ಶೋಕಿಗೂ ನಡುವೆ ಇರುವುದು ಒಂದು ಗುಡಿಸು ಮಾತ್ರ. ಹೋಬರ್ಟನಿಗೆ ಅದು ಒಂದು ಬೆರಳಿನ ದೂರವಾಯಿತು.

ಬೇರೆ ಯಾರ ಕೈಯಿಂದ ಇದಾಗಿದ್ದರೂ ಊರು ಮಧ್ಯಾಹ್ನದೊಳಗೆ ಮರೆಯುತ್ತಿತ್ತು. ಆದರೆ ಇವನು ಹೋಬರ್ಟ್. ಬ್ಯಾಟರಿ ರೇಡಿಯೊದ ಮುಂದೆ ಅಪ್ಪನ ತೊಡೆಯ ಮೇಲೆ ಕುಳಿತು ಕಂಟ್ರಿ ಎಂಬ ಹಳ್ಳಿಗಾಡಿನ ಹಾಡು ಕಲಿತವನು. ಮೂವತ್ತು ವರ್ಷ ಕೌಂಟಿಯ ರಸ್ತೆಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸಿದ. ಎಂಜಿನ್ನಿನ ಗದ್ದಲವನ್ನು ಮೀರಿಸಿ ಹಾಡಿ ಹಾಡಿಯೇ ಗಂಟಲು ಹಾಗೆ ಒರಟಾದದ್ದು. ನಿವೃತ್ತನಾದ ಮೇಲೆ ರೇಡಿಯೊದಲ್ಲಿ ಬೆಳಗಿನ ಪಾಳಿ ಹಿಡಿದ. ಅವನ ಪ್ರಕಾರ ಹಾಡೆಂದರೆ ಅದರಲ್ಲಿ ಒಬ್ಬರಾದರೂ ಸಾಯಬೇಕು, ಇಲ್ಲವೇ ಜೈಲಿಗೆ ಹೋಗಬೇಕು, ಅದೂ ಇಲ್ಲದಿದ್ದರೆ ರೈಲಾದರೂ ತಪ್ಪಬೇಕು. ಪಿಟೀಲು, ಬ್ಯಾಂಜೊ, ಗಿಟಾರು ಇರಬೇಕು. ಡ್ರಮ್ ಇರಕೂಡದು. ಹೊಸ ಕಂಟ್ರಿ ಹಾಡುಗಳನ್ನು ಅವನು ಟ್ರಕ್ಕಿನ ಜಾಹೀರಾತು ಎನ್ನುತ್ತಿದ್ದ. ಅಂಥದ್ದೊಂದು ತನ್ನ ಗಿಟಾರಿನ ತಂತಿಯ ಮೇಲೆ ಬಂದ ದಿನ ತಂತಿಯನ್ನು ಕಿತ್ತು ಬಟ್ಟೆ ಒಣಗಿಸಲು ಕಟ್ಟುತ್ತೇನೆ ಎಂದು ರೇಡಿಯೊದಲ್ಲೇ ಆಣೆ ಹಾಕಿದ್ದ.

ರೇಡಿಯೊ ಯಜಮಾನಿ ಕೆಂಡ್ರಾಳಿಗೆ ಮೂವತ್ತೈದರ ಪ್ರಾಯ. ಊರಿನ ಜಗಳ ತೀರದೆಂದು ಅವಳು ದಿನವನ್ನೇ ಎರಡಾಗಿ ಸೀಳಿದ್ದಳು: ಹನ್ನೆರಡು ಗಂಟೆಯವರೆಗೆ ಹಳೆಯದು, ಆಮೇಲೆ ಹೊಸದು. ಹನ್ನೆರಡು ಬಡಿದ ಕೂಡಲೇ ಅರ್ಧ ಊರು ರೇಡಿಯೊ ಆರಿಸುತ್ತಿತ್ತು, ಇನ್ನರ್ಧ ಹಚ್ಚುತ್ತಿತ್ತು. ಆ ಮಂಗಳವಾರ ಮಧ್ಯಾಹ್ನದ ಹಾಡು ಬೆಳಗಿನ ಹೆಣದ ಮೇಲೆ ಬಿದ್ದಿತ್ತು.

"ಮಾಮ, ಹದಿನೇಳು ಫೋನ್ ಬಂತು," ಎಂದಳು ಕೆಂಡ್ರಾ ಒಳಗೆ ಬಂದು.

"ಎಷ್ಟು ಜನ ಬೈದ್ರು?"

"ಒಂಬತ್ತು. ಮಿಕ್ಕ ಎಂಟು ಜನ ನಿಮ್ಮ ಟೇಸ್ಟು ಸುಧಾರಿಸ್ತಾ ಇದೆ ಅಂದ್ರು."

"ಓಪಲ್ ಮಾಡಿದ್ಲಾ?"

"ಇಲ್ಲ. ಖುದ್ದು ಬರ್ತಾ ಇದಾರಂತೆ."

ಓಪಲ್ ಎಂದರೆ ಆರ್ವಿಲ್‌ನ ಹೆಂಡತಿ. ಹತ್ತು ಗಂಟೆಗೆ ಅವಳೇ ಕಾರು ಓಡಿಸಿಕೊಂಡು ಬಂದಳು. ಕೈಯಲ್ಲಿ ಸಾವಿನ ಮನೆಗೆ ಯಾರೋ ಅಡುಗೆ ತಂದುಕೊಟ್ಟಿದ್ದ ಪಾತ್ರೆ, ತೊಳೆದದ್ದು, ತಳದಲ್ಲಿ ಒಡತಿಯ ಹೆಸರಿನ ಪಟ್ಟಿ. ದಾರಿಯಲ್ಲಿ ಅದನ್ನೂ ಹಿಂತಿರುಗಿಸುವ ಲೆಕ್ಕಾಚಾರ. ಹೋಬರ್ಟ್ ಎದ್ದು ಟೋಪಿ ತೆಗೆದ. ಕನ್ನಡಕ ನೆಲಕ್ಕೆ ಬಿತ್ತು.

"ಓಪಲ್, ನನ್ನ ಕೈ ಕಡಿದು ಹಾಕು."

"ಕೈ ಇರಲಿ, ಗುರುವಾರ ಬೇಕಾಗತ್ತೆ," ಎಂದು ಓಪಲ್ ಕುರ್ಚಿ ಎಳೆದುಕೊಂಡಳು. "ಪೂರ್ತಿ ಯಾಕೆ ಹಾಕ್ಲಿಲ್ಲ ನೀನು? ಅರ್ಧಕ್ಕೇ ನಿಲ್ಲಿಸಿಬಿಟ್ಟೆ."

ಹೋಬರ್ಟ್ ಕೆಂಡ್ರಾಳ ಮುಖ ನೋಡಿದ. ಕೆಂಡ್ರಾ ಪಾತ್ರೆಯನ್ನು ನೋಡಿದಳು.

"ಅದು ಆರ್ವಿಲ್‌ನ ಹಾಡು ಕಣೋ. ಟ್ರಕ್ಕು ಹತ್ತಿದ ಅಂದ್ರೆ ಅದೇ. ಕಿಟಕಿ ಗಾಜು ಏರಿಸ್ಕೊಂಡು, ಸ್ಟಿಯರಿಂಗ್ ಮೇಲೆ ತಾಳ ಹಾಕ್ಕೊಂಡು. ನಿನ್ನ ಮನೆ ತಿರುವು ಬಂದ್ರೆ ಮಾತ್ರ ಸದ್ದು ಇಳಿಸ್ತಿದ್ದ."

"ನಲವತ್ತೊಂದು ವರ್ಷ ನನ್ನ ಪಕ್ಕ ಕೂತು ಇಂಥ ಹಾಡುಗಳನ್ನ ಬೈದಿದಾನೆ ಅವನು," ಎಂದ ಹೋಬರ್ಟ್.

"ನೀನು ಬೈತಿದ್ದೆ, ಅವನು ಜೊತೆ ಕೊಡ್ತಿದ್ದ. ಪಿಟೀಲಿನವನ ಕೆಲಸ ಅದೇ ಅಲ್ವಾ?"

ಆಮೇಲೆ ಓಪಲ್ ತಾನು ಬಂದ ಕೆಲಸ ಹೇಳಿದಳು. ಗುರುವಾರ ಹನ್ನೊಂದಕ್ಕೆ ಕಿಲ್ಗೋರ್ ಗುಡ್ಡದ ಮೇಲೆ ಮಣ್ಣು. ಶವಪೆಟ್ಟಿಗೆ ಇಳಿಸುವ ಮುಂಚೆ ಹೋಬರ್ಟ್ ಆ ಹಾಡನ್ನು ಹಾಡಬೇಕು. ರೆಕಾರ್ಡು ಬೇಡ, ಅವನದೇ ಗಂಟಲು ಬೇಕು. "ಆಗಲ್ಲ ಅಂದ್ರೆ ಹೇಳು, ಪಾದ್ರಿಗಳ ಕೈಲಿ ಕೀರ್ತನೆ ಹೇಳಿಸ್ತೀನಿ. ನಂಗೇನೂ ಬೇಜಾರಿಲ್ಲ." ಬೇಜಾರಿಲ್ಲ ಎಂದು ಓಪಲ್ ಹೇಳಿದಾಗ ನಂಬಿದವರು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ.

ಹಾಡಿದರೆ ಜೀವಮಾನದ ಆಣೆ ಹೋಗುತ್ತದೆ. ಹಾಡದಿದ್ದರೆ ಆರ್ವಿಲ್ ತನ್ನ ಹಾಡಿಲ್ಲದೆ ಹೋಗುತ್ತಾನೆ. ಹೋಬರ್ಟ್ ನೆಲದ ಮೇಲಿದ್ದ ಕನ್ನಡಕ ಎತ್ತಿ, ಒರೆಸಿ, ಮತ್ತೆ ಟೋಪಿಯ ಮೇಲಿಟ್ಟು, "ಪದಗಳನ್ನ ದಪ್ಪಕ್ಷರದಲ್ಲಿ ಬರ್ಕೊಡು ಕೆಂಡ್ರಾ," ಎಂದ.

ಸುದ್ದಿ ಮಧ್ಯಾಹ್ನದ ಒಳಗೆ ಪೆಟ್ರೋಲ್ ಬಂಕು, ಕ್ಷೌರದಂಗಡಿ, ಎರಡೂ ಚರ್ಚುಗಳನ್ನು ಸುತ್ತಿ ಬಂತು. ಇತ್ತ ರೇಡಿಯೊದ ಉಗ್ರಾಣದಲ್ಲಿ ಅಭ್ಯಾಸ ಶುರುವಾಯಿತು. ತಂಡದಲ್ಲಿ ಉಳಿದಿದ್ದವನು ಬ್ಯಾಂಜೊದ ಡೆನ್ಜಿಲ್ ಒಬ್ಬನೇ. ಹಾಡು ಬಲು ವೇಗದ್ದು, ಒಂದು ಉಸಿರಿಗೆ ಹದಿನೆಂಟು ಪದ. ಕನ್ನಡಕ ಮೂಗಿಗಿಳಿಸಿ, ಕಾಗದ ನೋಡಿ, ಹೋಬರ್ಟ್ ಟ್ರಕ್ಕಿನ ಹಿಂದೆ ಓಡುವವನ ಹಾಗೆ ಹಾಡಿದ.

"ಹೋಬ್, ನೀನು ಹಾಡ್ತಾ ಇಲ್ಲ, ಉಸಿರು ಬಿಡದೆ ತಂಬಾಕು ಹರಾಜು ಕೂಗ್ತಾ ಇದೀಯ," ಎಂದ ಡೆನ್ಜಿಲ್.

"ಇನ್ನೂ ಸ್ವಲ್ಪ ಬೇಗ ಮಾಮ," ಎಂದಳು ಕೆಂಡ್ರಾ.

"ಇದಕ್ಕಿಂತ ಬೇಗ ಆದ್ರೆ ಹಲ್ಲಿನ ಸೆಟ್ಟು ನನಗಿಂತ ಮುಂದೆ ಹೋಗತ್ತೆ ಕಣಮ್ಮಾ."

ಬುಧವಾರ ಇನ್ನೂ ಕೆಟ್ಟಿತು. ಎರಡನೇ ನುಡಿಗೆ ಉಸಿರು ಹಿಂದೆ ಬಿದ್ದರೆ ಮೂರನೆಯದಕ್ಕೆ ತಾಳವೇ ಕೈಬಿಟ್ಟಿತು. ಬಾಯಿಪಾಠವಂತೂ ಆಗಲೇ ಇಲ್ಲ. "ಅವನ ಮರ್ಯಾದೆ ಕಳೀತೀನಿ ನಾನು," ಎಂದು ಹೋಬರ್ಟ್ ಗಿಟಾರು ಒರಗಿಸಿ, ಯಾರಿಗೂ ಹೇಳದೆ ಮನೆಗೆ ಹೋದ. ಅವನು ಬರುತ್ತಾನೋ ಇಲ್ಲವೋ ಎಂದು ಕೆಂಡ್ರಾಳಿಗೆ ಗುರುವಾರದವರೆಗೂ ಖಾತ್ರಿಯಿರಲಿಲ್ಲ.

ಬಂದ. ಮದುವೆಗೂ ಮಣ್ಣಿಗೂ ಮಾತ್ರ ಪೆಟ್ಟಿಗೆಯಿಂದ ಹೊರಬರುವ ಕಪ್ಪು ಟೋಪಿ ಹಾಕಿಕೊಂಡು, ಬೂಟಿಗೆ ಪಾಲಿಶ್ ಬಡಿದುಕೊಂಡು ಬಂದ. ಗುಡ್ಡದ ಮೇಲೆ ಮುನ್ನೂರು ಜನ. ಆರ್ವಿಲ್‌ಗಾಗಿ ಬಂದವರೆಷ್ಟೋ, ಹೋಬರ್ಟನ ಆಣೆ ಮುರಿಯುವುದನ್ನು ನೋಡಲು ಬಂದವರೆಷ್ಟೋ. ಬೆಳಗಿನ ರೇಡಿಯೊದವರು ಒಂದು ಕಡೆ ಕೈಕಟ್ಟಿ ನಿಂತಿದ್ದರು. ಮಧ್ಯಾಹ್ನದವರು ತಮ್ಮ ತಮ್ಮ ಟ್ರಕ್ಕುಗಳಿಗೆ ಒರಗಿದ್ದರು. ಪೆಟ್ಟಿಗೆಯ ಪಕ್ಕದಲ್ಲಿ ಖಾಲಿ ಕುರ್ಚಿ, ಅದರ ಮೇಲೆ ಆರ್ವಿಲ್‌ನ ಪಿಟೀಲು.

ಕೆಂಡ್ರಾ ಕಾಗದವನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. ಹೋಬರ್ಟ್ ಅದನ್ನೊಮ್ಮೆ ನೋಡಿದ, ಟೋಪಿಯನ್ನೊಮ್ಮೆ ಮುಟ್ಟಿಕೊಂಡ. ಬೂಟಿನ ತುದಿಯಿಂದ ಸ್ಟ್ಯಾಂಡನ್ನು ಮೆಲ್ಲಗೆ ಮುಂದಕ್ಕೆ, ಖಾಲಿ ಕುರ್ಚಿಯ ಕಡೆಗೆ ತಳ್ಳಿದ. ಮತ್ತೊಂದು ಗೇಣು ತಳ್ಳಿದ. ಕಾಗದ ಆರ್ವಿಲ್‌ನ ಕುರ್ಚಿಗೆ ತಾಗಿ ನಿಂತಿತು. ಗೆಳೆಯನಿಗೂ ಓದಲು ಕೊಟ್ಟ ಹಾಗಿದ್ದ ಆ ನೋಟಕ್ಕೇ ಮುಂದಿನ ಸಾಲಿನ ಹೆಂಗಸರು ಕರವಸ್ತ್ರ ತೆಗೆದರು.

ಆಮೇಲೆ ಹಾಡಿದ. ಹರಾಜಿನ ಕೂಗಲ್ಲ. ಒಂದು ಸಾಲು, ದೊಡ್ಡದೊಂದು ಬಿಡುವು, ಇನ್ನೊಂದು ಸಾಲು.

"ಟ್ರಕ್ಕಿನ ಹಿಂದಿನ ಹಲಗೆ ಇಳಿಸಿಡು," ಎಂದ. ಗಿಟಾರಿನ ಒಂದೇ ತಂತಿ ಮಿಡಿಯುತ್ತಾ ಕಾದು ನಿಂತಿತು. "ನದಿಯ ಹತ್ತಿರ," ಎಂದ. ಯಾರೂ ಕೆಮ್ಮಲಿಲ್ಲ. "ನಾ ಬರ್ತಾ ಇದೀನಿ."

ನಮ್ಮ ಹಳೆಯ ಹಾಡುಗಳಲ್ಲಿ ನದಿ ಇರುವುದೇ ದಾಟುವುದಕ್ಕೆ, ದಾಟಿದವರು ತಿರುಗಿ ಬರುವುದಿಲ್ಲ. ಬಿಯರು ಕುಡಿಯಲು ಹೊರಟಿದ್ದ ಹುಡುಗ ಸಾವಿನ ದಂಡೆಯಲ್ಲಿ ನಿಂತುಬಿಟ್ಟ. ಮೊದಲು ತಬ್ಬಿಬ್ಬಾದ ಡೆನ್ಜಿಲ್ ಬೇಗನೆ ಬ್ಯಾಂಜೊವನ್ನು ಮೂರರ ನಿಧಾನ ನಡೆಗೆ ಇಳಿಸಿದ. ಟ್ರಕ್ಕಿಗೊರಗಿದ್ದವರಿಗೆ ಪದ ಬರುತ್ತಿತ್ತು. ಅಭ್ಯಾಸಬಲದಿಂದ ಒಂದು ಸಾಲು ಮುಂದೆ ಓಡಿ, ನಿಂತು, ಮುದುಕನಿಗಾಗಿ ಕಾದು, ಅವನ ಜೊತೆಗೆ ಹಾಡಿದರು. ತಣ್ಣನೆಯ ಬಿಯರಿನ ಸಾಲು ಬಂದಾಗ ಚರ್ಚಿನ ಹಿರಿಯರು ತಲೆಬಾಗಿದರು. ಕೈಕಟ್ಟಿದವರು ಯಾವಾಗ ಕೈ ಬಿಟ್ಟರೋ, ಕೊನೆಯ ನುಡಿಗೆ ಗುಡ್ಡಕ್ಕೆ ಗುಡ್ಡವೇ ಹಾಡುತ್ತಿತ್ತು. ಓಪಲ್ ಅಳುತ್ತಲೇ ನಗುತ್ತಿದ್ದಳು, ಪೆಟ್ಟಿಗೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು.

ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ರೊಟ್ಟಿ, ಕೋಳಿ, ಬಾಳೆಹಣ್ಣಿನ ಪುಡ್ಡಿಂಗು, ಎಲ್ಲ ಪಾತ್ರೆಗಳ ತಳದಲ್ಲೂ ಹೆಸರು. ಯಾರಿಗೂ ತಟ್ಟೆಯ ಮೇಲೆ ಗಮನವಿರಲಿಲ್ಲ.

"ಅದು ನಮ್ಮಜ್ಜಿ ಹಾಡ್ತಿದ್ದ ಹಾಡು," ಎಂದು ಒಬ್ಬ ಮುದುಕ ಮೇಜು ಕುಟ್ಟಿದ. "ಏನಿಲ್ಲ ಅಂದ್ರೂ ನೂರು ವರ್ಷದ್ದು."

"ನಿಮ್ಮಜ್ಜಿ ಹತ್ರ ಟ್ರಕ್ ಇತ್ತಾ ತಾತ?" ಎಂದಳು ಎದುರಿನ ಹುಡುಗಿ.

ಹಳಬರು ಆ ಹಾಡು ತಮ್ಮದೆಂದರು, ಹೊಸಬರು ತಮ್ಮದೆಂದರು. ಆಣೆ ಮುರಿದ ವಿಚಾರ ಒಬ್ಬರೂ ಎತ್ತಲಿಲ್ಲ. ಕೆಂಡ್ರಾಳ ಕಾಲು ನೆಲದ ಮೇಲಿರಲಿಲ್ಲ. ಶನಿವಾರ ಅದನ್ನೇ ರೆಕಾರ್ಡು ಮಾಡಬೇಕು, ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಹಾಕಬೇಕು, ಆಗ ಯಾವನು ರೇಡಿಯೊ ಆರಿಸುತ್ತಾನೋ ನೋಡೋಣ ಎಂದು ಅವಳು ಹೋಬರ್ಟನ ಎದುರು ಬಂದು ಕುಳಿತಳು. ಅವನು ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ.

"ಮಾಮ, ಒಂದು ಮಾತು ಹೇಳಿ. ಬುಧವಾರದವರೆಗೂ ಇಲ್ಲದ ಆ ನಿಧಾನ ಎಲ್ಲಿಂದ ಬಂತು? 'ನದಿಯ ಹತ್ತಿರ' ಅಂದು ನಿಲ್ಲಿಸಿದ್ರಲ್ಲ, ನನ್ನ ಎದೆ ಒಡೆದುಹೋಯ್ತು. ಅಲ್ಲಿ ಏನು ಕಾಣಿಸ್ತು ನಿಮ್ಗೆ?"

ಅಕ್ಕಪಕ್ಕದವರೆಲ್ಲ ಚಮಚ ಕೆಳಗಿಟ್ಟು ಕಿವಿಗೊಟ್ಟರು. ಹೋಬರ್ಟ್ ಬಾಯಿಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿದ.

"ಏನೂ ಕಾಣ್ಲಿಲ್ಲ ಕಣಮ್ಮಾ. ಕನ್ನಡಕ ಮನೇಲಿ, ದಿನಾ ಹಾಕೋ ಟೋಪಿ ಮೇಲೇ ಉಳ್ಕೊಂಡಿತ್ತು."